ಆರೈಕೆ ಮನೆಗಳ ಗುಂಪು ವಿಮೆಗೆ ಸೇರಬೇಕಾ? ಸೇರುವ ಮೊದಲು ಏನೇನು ಕೇಳಬೇಕು?

ಮಲ್ಲಿಗೆ ಬಳ್ಳಿ:

ಎಲ್ಲರಿಗೂ ನಮಸ್ಕಾರ. ವಯಸ್ಸಾದವರ ಆರೈಕೆ ಮನೆಯೊಂದನ್ನು ನಾನು ನೋಡಿಕೊಳ್ಳುತ್ತೇನೆ. 14 ಹಾಸಿಗೆ, ಎಲ್ಲ ಪಾಳಿ ಸೇರಿ 11 ಜನ ಸಿಬ್ಬಂದಿ. ಒಂದು ವಿಷಯಕ್ಕೆ ನಿಮ್ಮ ಸಲಹೆ ಬೇಕು.

ಹೋದ ವರ್ಷ ನಮ್ಮ ಹುಡುಗಿಯೊಬ್ಬಳ ಬೆನ್ನಿಗೆ ಪೆಟ್ಟಾಯಿತು. ಬೆಳಗ್ಗೆ ಆರು ಗಂಟೆ, ಆ ಹೊತ್ತಿಗೆ ಒಬ್ಬಳೇ ಇದ್ದಳು. ಅಜ್ಜಿಯೊಬ್ಬರನ್ನು ಹಾಸಿಗೆಯಿಂದ ಕಮೋಡ್ ಕುರ್ಚಿಗೆ ಕೂರಿಸುವಾಗ ಅವರ ಮೊಣಕಾಲು ಕುಸಿಯಿತು. ಇವಳು ಕಂಕುಳಿಗೆ ಕೈ ಹಾಕಿ ಹಿಡಿದುಕೊಂಡಳು. ಅಜ್ಜಿ ಬೀಳಲಿಲ್ಲ. ಇವಳ ಸೊಂಟ ಮಾತ್ರ ಚಳಕ್ ಅಂದಿತು. ಯಾರಿಗೂ ಹೇಳದೆ ಪಾಳಿ ಮುಗಿಸಿ ಮನೆಗೆ ಹೋದಳು. ಮೂರನೇ ದಿನ ಹಾಸಿಗೆಯಿಂದ ಏಳಲು ಆಗಲಿಲ್ಲ. ನಮಗೆ ಗೊತ್ತಾಗಿ ವಿಮೆಯವರಿಗೆ ಕ್ಲೇಮು ಹೋಗುವಷ್ಟರಲ್ಲಿ ಐದು ದಿನ ಕಳೆದಿತ್ತು. ಒಂಬತ್ತು ವಾರ ಅವಳು ಕೆಲಸಕ್ಕೆ ಬರಲಿಲ್ಲ.

ಈ ಸಲ ಪಾಲಿಸಿ ರಿನ್ಯೂವಲ್‌ಗೆ ಬಂದಾಗ ಪ್ರೀಮಿಯಂ ನೋಡಿ ಗಾಬರಿಯಾಯಿತು. ಅದೇ ವಾರ ಆರೈಕೆ ಮನೆಗಳದ್ದೇ ಒಂದು ಗುಂಪು ವಿಮೆಯಿಂದ ಪತ್ರ ಬಂತು. ಕಾರ್ಮಿಕರ ಪರಿಹಾರ ವಿಮೆಯನ್ನು ಎಲ್ಲರೂ ಸೇರಿ ಮಾಡಿಸೋಣ, ಕಡಿಮೆ ಬೀಳುತ್ತದೆ, ಜೊತೆಗೆ ಸುರಕ್ಷತಾ ಕಾರ್ಯಕ್ರಮವೂ ಇದೆ ಅಂತ ಬರೆದಿದ್ದಾರೆ. ಸೇರಬೇಕಾ? ಯಾರಿಗಾದರೂ ಅನುಭವ ಇದೆಯಾ?

ವಿಮೆ ಕಡತ:

ಮೇಡಂ, ನಾನು ಇಂಥ ಪಾಲಿಸಿಗಳ ಕಡತ ನೋಡುವ ಕೆಲಸದಲ್ಲಿದ್ದೇನೆ. ಮೊದಲು ಪ್ರೀಮಿಯಂ ಯಾಕೆ ಏರಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಅದು ಗೊತ್ತಾದರೆ ಗುಂಪಿನ ಪತ್ರದಲ್ಲಿ ಏನು ಹುಡುಕಬೇಕು ಅಂತ ನಿಮಗೇ ತಿಳಿಯುತ್ತದೆ.

ಬಹಳ ಕಡೆ ಲೆಕ್ಕ ಹೀಗೆ. ವರ್ಷದ ಒಟ್ಟು ಸಂಬಳ ತೆಗೆದುಕೊಳ್ಳುತ್ತಾರೆ. ಕೆಲಸದ ಅಪಾಯ ನೋಡಿ ಪ್ರತಿ 100ಕ್ಕೆ ಇಷ್ಟು ಅಂತ ದರ ಹಾಕುತ್ತಾರೆ. ಕಚೇರಿಯಲ್ಲಿ ಕೂತು ಲೆಕ್ಕ ಬರೆಯುವವರಿಗೆ ದರ ಕಡಿಮೆ, ಜನರನ್ನು ಎತ್ತಿ ಕೂರಿಸುವವರಿಗೆ ಜಾಸ್ತಿ. ಆಮೇಲೆ ನಿಮ್ಮ ಮನೆಯ ಹಿಂದಿನ ಕ್ಲೇಮುಗಳನ್ನು ನೋಡಿ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಅನುಭವದ ಅಂಕ ಅನ್ನುತ್ತೇವೆ. 1.00 ಅಂದರೆ ನಿಮ್ಮಂಥ ಬೇರೆ ಮನೆಗಳ ಸರಾಸರಿ.

ಸುಮ್ನೆ ಒಂದು ಉದಾಹರಣೆ. ವರ್ಷದ ಸಂಬಳ 10,00,000, ದರ 100ಕ್ಕೆ 5 ಅಂದುಕೊಳ್ಳಿ. ಮೂಲ ಪ್ರೀಮಿಯಂ 50,000. ಅಂಕ 0.85 ಇದ್ದರೆ ಕಟ್ಟುವುದು 42,500. ಅದೇ 1.30 ಆದರೆ 65,000. ಅಮೆರಿಕದ ಪದ್ಧತಿಯಲ್ಲಿ ಈ ಅಂಕಕ್ಕೆ ಸಾಮಾನ್ಯವಾಗಿ ಮೂರು ವರ್ಷದ ದಾಖಲೆ ಹಿಡಿಯುತ್ತಾರೆ. ಅಂದರೆ ಒಂದು ಪೆಟ್ಟು ಮೂರು ವರ್ಷ ನಿಮ್ಮ ಜೊತೆಗೇ ಬರುತ್ತದೆ.

ಇನ್ನೊಂದು ಮಾತು. ಅಲ್ಲಿನ ಲೆಕ್ಕದಲ್ಲಿ ಒಂದು ದೊಡ್ಡ ಕ್ಲೇಮಿಗಿಂತ ಪದೇ ಪದೇ ಬರುವ ಸಣ್ಣ ಕ್ಲೇಮುಗಳು ಅಂಕವನ್ನು ಜಾಸ್ತಿ ಕೆಡಿಸುತ್ತವೆ. ದೊಡ್ಡದು ಆಕಸ್ಮಿಕ ಇರಬಹುದು. ಸಣ್ಣದು ಮತ್ತೆ ಮತ್ತೆ ಬಂದರೆ ಆ ಮನೆಯಲ್ಲಿ ಕೆಲಸ ಮಾಡುವ ರೀತಿಯಲ್ಲೇ ಏನೋ ತೊಂದರೆ ಇದೆ ಅಂತ ಅರ್ಥ.

11 ಜನರ ಮನೆಯ ಕಷ್ಟ ಇಲ್ಲೇ ಇದೆ. ಹತ್ತು ವರ್ಷ ಏನೂ ಆಗದಿದ್ದರೂ ದೊಡ್ಡ ರಿಯಾಯಿತಿ ಸಿಗುವುದಿಲ್ಲ, ಯಾಕೆಂದರೆ ನಿಮ್ಮ ಲೆಕ್ಕ ಚಿಕ್ಕದು. ಒಂದು ಬೆನ್ನು ಹೋದರೆ ಮಾತ್ರ ಎಲ್ಲ ತಲೆಕೆಳಗಾಗುತ್ತದೆ. ಗುಂಪಿನ ಅರ್ಥವೇ ಅದು. ನಿಮ್ಮಂಥ ಐವತ್ತು ಮನೆ ಸೇರಿದರೆ ಏರಿಳಿತ ತಗ್ಗುತ್ತದೆ. ಆದರೆ ಪಕ್ಕದ ಮನೆಯ ಪೆಟ್ಟೂ ನಿಮ್ಮ ಪಾಲಿಗೆ ಬರುತ್ತದೆ.

ಎರಡನೇ ಮನೆ:

ನಾನು ಆರು ವರ್ಷದಿಂದ ಒಂದು ಗುಂಪಿನಲ್ಲಿದ್ದೇನೆ ಅಕ್ಕ. ಅದಕ್ಕೂ ಮೊದಲು ಇನ್ನೊಂದು ಗುಂಪಿನಲ್ಲಿ ಎರಡು ವರ್ಷ ಇದ್ದೆ. ಎರಡಕ್ಕೂ ಅಜಗಜಾಂತರ.

ಮೊದಲನೆಯದರಲ್ಲಿ ಸುರಕ್ಷತಾ ಕಾರ್ಯಕ್ರಮ ಅಂದರೆ ಒಂದು ದಪ್ಪ ಫೈಲ್. ಸೇರಿದ ದಿನ ಕೊಟ್ಟರು. ವರ್ಷಕ್ಕೊಮ್ಮೆ ಒಬ್ಬರು ಬಂದು ಆ ಫೈಲ್ ಇದೆಯಾ ಅಂತ ನೋಡಿ, ಸಹಿ ಹಾಕಿಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಅವರು ಬರುತ್ತಿದ್ದದ್ದು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನಮ್ಮಲ್ಲಿ ಎಲ್ಲರ ಸ್ನಾನ ಆಗಿ, ಹಾಸಿಗೆ ಸರಿ ಮಾಡಿ ಆಗಿರುತ್ತದೆ. ಅವರಿಗೆ ಕಾಣುವುದು ಒಣಗಿದ ನೆಲ, ಕೂತ ಜನ.

ಈಗಿನ ಗುಂಪಿನವರು ಮೊದಲ ಭೇಟಿಗೇ ಬೆಳಗ್ಗೆ ಐದೂವರೆಗೆ ಬಂದರು. ಎರಡು ಗಂಟೆ ಸುಮ್ಮನೆ ನಿಂತು ನೋಡಿದರು. ಯಾರು ಯಾರನ್ನು ಹೇಗೆ ಏಳಿಸುತ್ತಾರೆ, ಬಚ್ಚಲಿನ ಬಾಗಿಲಲ್ಲಿ ಗಾಲಿ ಕುರ್ಚಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಒರೆಸುವ ಬಟ್ಟೆ ಎಲ್ಲಿದೆ, ಎಲ್ಲ ಬರೆದುಕೊಂಡರು. ಕಚೇರಿಗೆ ಬಂದದ್ದು ಕೊನೆಗೆ.

ಇನ್ನೊಂದು ಲಾಭ ನಾನು ನಿರೀಕ್ಷಿಸಿರಲಿಲ್ಲ. ನಮ್ಮ ಗುಂಪಿನ ಒಂದು ಮನೆಯಲ್ಲಿ ಹಾಸಿಗೆಯ ಚಕ್ರದ ಬ್ರೇಕ್ ಸವೆದು, ಅಜ್ಜನನ್ನು ಇಳಿಸುವಾಗ ಹಾಸಿಗೆ ಹಿಂದಕ್ಕೆ ಸರಿದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ಬರೆದು ಕಳಿಸಿದರು. ಎರಡೇ ದಿನದಲ್ಲಿ ಎಲ್ಲ ಮನೆಗಳಿಗೂ ಸುದ್ದಿ ಬಂತು. ನಾವು ನಮ್ಮ ಹಾಸಿಗೆಗಳನ್ನು ಒಂದೊಂದಾಗಿ ಬ್ರೇಕ್ ಹಾಕಿ ತಳ್ಳಿ ನೋಡಿದೆವು. ಮೂರು ಸರಿದವು. ಮೂರು! ದಿನವೂ ಅವುಗಳ ಮೇಲೆ ಜನರನ್ನು ಏಳಿಸಿ ಕೂರಿಸುತ್ತಿದ್ದೆವು. ನನ್ನೊಂದೇ ಮನೆಯಾಗಿದ್ದರೆ ಯಾರಾದರೂ ಬಿದ್ದ ಮೇಲೇ ಗೊತ್ತಾಗುತ್ತಿತ್ತು.

ಹಗಲು ಪಾಳಿ:

ನಾನು ಮ್ಯಾನೇಜರ್ ಅಲ್ಲ, ವಿಮೆಯವಳೂ ಅಲ್ಲ. ಹದಿಮೂರು ವರ್ಷದಿಂದ ಆರೈಕೆ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಹುಡುಗಿ ಯಾಕೆ ಹೇಳಲಿಲ್ಲ ಅಂತ ನಾನು ಹೇಳುತ್ತೇನೆ ಮೇಡಂ.

ಹೇಳಿದರೆ ಮೊದಲ ಪ್ರಶ್ನೆ, "ಯಾಕೆ ಒಬ್ಬಳೇ ಎತ್ತಿದೆ?" ಎರಡನೇ ಪ್ರಶ್ನೆ, "ಜನರನ್ನು ಎತ್ತುವ ಮೆಷಿನ್ ಯಾಕೆ ಬಳಸಲಿಲ್ಲ?" ಒಬ್ಬಳೇ ಎತ್ತಿದ್ದು ಯಾಕೆಂದರೆ ಆ ಹೊತ್ತಿಗೆ ಇದ್ದದ್ದು ಒಬ್ಬಳೇ. ಮೆಷಿನ್ ಬಳಸದಿದ್ದದ್ದು ಯಾಕೆ ಅಂತ ಬೇಕಾದರೆ ನಾನು ಹಿಂದೆ ಕೆಲಸ ಮಾಡಿದ ಮನೆಯ ಮೆಷಿನ್ ಎಲ್ಲಿತ್ತು ಅಂತ ಕೇಳಿ. ಬಟ್ಟೆ ಒಗೆಯುವ ಕೋಣೆಯ ಹಿಂದೆ. ಮುಂದೆ ಎರಡು ಹಳೆಯ ಹಾಸಿಗೆ ಒರಗಿಸಿದ್ದರು. ಅದನ್ನು ಎಳೆದು ತಂದರೆ ಬ್ಯಾಟರಿ ಚಾರ್ಜ್ ಇಲ್ಲ. ಚಾರ್ಜ್ ಇದ್ದ ದಿನ ಸ್ಲಿಂಗ್, ಅಂದರೆ ಜನರನ್ನು ಕೂರಿಸಿ ಮೆಷಿನ್‌ಗೆ ಸಿಕ್ಕಿಸುವ ಬಟ್ಟೆ, ಒಗೆಯಲು ಹಾಕಿದ್ದಾರೆ, ಇನ್ನೂ ಒಣಗಿಲ್ಲ. ಅಷ್ಟರಲ್ಲಿ ಅಜ್ಜಿಗೆ ಅವಸರ. ಕೂಗುತ್ತಾರೆ, ಅಳುತ್ತಾರೆ. ಆಗ ಯಾರಾದರೂ ಮೆಷಿನ್‌ಗೆ ಕಾಯುತ್ತಾರಾ? ಕೈ ತಾನಾಗೇ ಮುಂದೆ ಹೋಗುತ್ತದೆ.

ಗುಂಪಿಗೆ ಸೇರಿ, ಪ್ರೀಮಿಯಂ ಉಳಿಸಿ, ಬೇಡ ಅನ್ನುವುದಿಲ್ಲ. ಉಳಿದದ್ದರಲ್ಲಿ ಬೆಳಗಿನ ಪಾಳಿಗೆ ಇನ್ನೊಬ್ಬರು ಬರುತ್ತಾರಾ ಅನ್ನುವುದು ನನ್ನ ಪ್ರಶ್ನೆ.

ಮಲ್ಲಿಗೆ ಬಳ್ಳಿ:

ನೀವು ಹೇಳಿದ್ದು ನನಗೆ ನಾಟಿತು ಅಕ್ಕ. ನಮ್ಮ ಮೆಷಿನ್ ನೋಡಿ ಬಂದೆ. ಬಟ್ಟೆ ಕೋಣೆಯಲ್ಲಿ ಇಲ್ಲ. ಆದರೆ ಕೊನೆಯ ಕೋಣೆಯಲ್ಲಿದೆ, ಚಾರ್ಜರ್ ಕಚೇರಿಯಲ್ಲಿದೆ. ಸ್ಲಿಂಗ್ ಒಂದೇ ಇದೆ.

ಇನ್ನೊಂದು ಕೇಳಬೇಕು. ನಾವು ವರ್ಷಕ್ಕೊಮ್ಮೆ ಎತ್ತುವ ತರಬೇತಿ ಕೊಡಿಸುತ್ತೇವೆ. ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟುಕೊಂಡು ಎತ್ತುವುದು. ಆ ಹುಡುಗಿಯೂ ತರಬೇತಿಗೆ ಬಂದಿದ್ದಳು. ಅದು ಸಾಲದಾ?

ನಿಧಾನ ನಡಿಗೆ:

ಸಾಲದು. ನಾನು ಫಿಸಿಯೋಥೆರಪಿಸ್ಟ್. ಬೆನ್ನು ಹಿಡಿದುಕೊಂಡು ಬರುವ ಆರೈಕೆ ಸಿಬ್ಬಂದಿಯನ್ನು ವಾರವಾರ ನೋಡುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಸರಿಯಾಗಿ ಎತ್ತುವುದು ಹೇಗೆ ಅಂತ ಗೊತ್ತಿದೆ. ಗೊತ್ತಿದ್ದೂ ಬೆನ್ನು ಹೋಗಿದೆ.

ತೂಕದ ಲೆಕ್ಕ ನೋಡಿ. ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆಯ ಸಂಶೋಧನೆ ಮಾಡುವ ನಿಯೋಶ್ ಸಂಸ್ಥೆ 1991ರಲ್ಲಿ ಎತ್ತುವ ಕೆಲಸಕ್ಕೆ ಒಂದು ಸೂತ್ರ ಪರಿಷ್ಕರಿಸಿತು. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಪೆಟ್ಟಿಗೆ ಮೈಗೆ ಹತ್ತಿರ, ಹಿಡಿಕೆ ಗಟ್ಟಿ, ಸೊಂಟ ತಿರುಗಿಸಬೇಕಾಗಿಲ್ಲ, ಆಗ ಮಿತಿ 23 ಕೆಜಿ. ಮನುಷ್ಯರು ಪೆಟ್ಟಿಗೆ ಅಲ್ಲ. ಅವರಿಗೆ ಹಿಡಿಕೆ ಇಲ್ಲ, ಅಲುಗಾಡುತ್ತಾರೆ, ಹೆದರಿ ನಿಮ್ಮ ಕುತ್ತಿಗೆ ಹಿಡಿದುಕೊಳ್ಳುತ್ತಾರೆ. ಅದಕ್ಕೇ 2007ರಲ್ಲಿ ಅದೇ ಸಂಸ್ಥೆಯ ಸಂಶೋಧಕರೊಬ್ಬರು ಜನರನ್ನು ಎತ್ತುವ ಕೆಲಸಕ್ಕೆ ಸುಮಾರು 16 ಕೆಜಿ ಮಿತಿ ಸೂಚಿಸಿದರು. ಅದೂ ಆ ವ್ಯಕ್ತಿ ಸಹಕರಿಸುವಾಗ.

ಈಗ 80 ಕೆಜಿಯ ಒಬ್ಬರನ್ನು ತೆಗೆದುಕೊಳ್ಳಿ. ಒಂದು ಕಾಲಿನ ತೂಕ ದೇಹದ ತೂಕದ ಆರನೇ ಒಂದು ಭಾಗದ ಆಸುಪಾಸು, ಸುಮಾರು 13 ಕೆಜಿ. ಬ್ಯಾಂಡೇಜ್ ಸುತ್ತಲು ಒಂದು ಕಾಲು ಎತ್ತಿ ಹಿಡಿದರೇ ಮಿತಿಯ ಹತ್ತಿರ ಬಂದ ಹಾಗಾಯಿತು. ಇಡೀ ಮನುಷ್ಯರನ್ನು ಕಂಕುಳಿಗೆ ಕೈ ಹಾಕಿ ಎತ್ತುವುದಕ್ಕೆ ಯಾವ ಭಂಗಿಯೂ ಸರಿಯಾದ ಭಂಗಿ ಅಲ್ಲ. ಕಂಕುಳು ಹಿಡಿದು ಎತ್ತಿದರೆ ಆ ಅಜ್ಜಿಯ ಭುಜಕ್ಕೂ ಅಪಾಯ.

2011ರಲ್ಲಿ ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಇದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರು. ಎತ್ತುವ ಬಗ್ಗೆ ಸಲಹೆ, ತರಬೇತಿ ಕೊಟ್ಟರೆ ಬೆನ್ನುನೋವು ತಪ್ಪುತ್ತದೆ ಅನ್ನಲು ಆಧಾರ ಸಿಗಲಿಲ್ಲ. ತರಬೇತಿ ಬೇಡ ಅಂತಲ್ಲ. ಆದರೆ ಎತ್ತುವುದನ್ನು ಕಲಿಸುವ ಬದಲು ಎತ್ತುವ ಸಂದರ್ಭವನ್ನೇ ಕಡಿಮೆ ಮಾಡಬೇಕು. ಹಾಸಿಗೆಯಲ್ಲಿ ಮೇಲಕ್ಕೆ ಸರಿಸಲು ಸ್ಲೈಡ್ ಶೀಟ್, ಅಂದರೆ ಮೈ ಕೆಳಗೆ ಹಾಸುವ ನುಣುಪು ಬಟ್ಟೆ. ಕಾಲಿಗೆ ಸ್ವಲ್ಪ ಬಲ ಇರುವವರಿಗೆ ನಿಲ್ಲಿಸುವ ಮೆಷಿನ್. ಬಲವೇ ಇಲ್ಲದವರಿಗೆ ಸ್ಲಿಂಗ್ ಇರುವ ಎತ್ತುವ ಮೆಷಿನ್, ಅದೇ ಲಿಫ್ಟ್. ನಡೆಯುವವರಿಗೆ ಸೊಂಟದ ಬೆಲ್ಟ್, ಅದು ಎತ್ತಲು ಅಲ್ಲ, ಹಿಡಿದು ನಡೆಸಲು.

ಮತ್ತೆ ದಿನವೂ ನೋಡಬೇಕು. ನಿನ್ನೆ ನಿಂತವರು ಇವತ್ತು ನಿಲ್ಲುತ್ತಾರೆ ಅಂತ ಏನೂ ಇಲ್ಲ. ರಾತ್ರಿ ನಿದ್ದೆ ಇಲ್ಲ, ಜ್ವರ, ಹೊಸ ಮಾತ್ರೆ, ಯಾವುದರಿಂದಲೂ ಕಾಲು ಸೋಲಬಹುದು. ಹಾಸಿಗೆಯ ಅಂಚಿನಲ್ಲಿ ಕೂರಿಸಿ, ಒಂದು ಕಾಲು ಮುಂದೆ ಚಾಚಿ ಅಂತ ಹೇಳಿ. ಮಂಡಿ ನೇರ ಮಾಡಿ ಸ್ವಲ್ಪ ಹೊತ್ತು ಹಿಡಿಯಲು ಆಗದಿದ್ದರೆ ಆವತ್ತು ಅವರನ್ನು ನಿಲ್ಲಿಸುವ ಪ್ರಯತ್ನ ಬೇಡ. ನಿಮ್ಮ ಅಜ್ಜಿಗೆ ಆ ಬೆಳಗ್ಗೆ ಇದನ್ನು ಮಾಡಿದ್ದರೆ ಮೊಣಕಾಲು ಕುಸಿಯುವುದು ಮೊದಲೇ ಗೊತ್ತಾಗುತ್ತಿತ್ತೋ ಏನೋ.

ರಾತ್ರಿ ಪಾಳಿ:

ಎಲ್ಲರೂ ಬೆನ್ನಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮಲ್ಲಿ ಮರೆವಿನ ಕಾಯಿಲೆ ಇರುವವರು ಜಾಸ್ತಿ. ಹೊಡೆಯುವುದು, ಪರಚುವುದು, ಕೈ ತಿರುಚುವುದು ದಿನಾ ಇರುತ್ತದೆ. ಇದನ್ನು ಯಾರೂ ಬರೆಯುವುದೇ ಇಲ್ಲ. "ಪಾಪ, ಅವರಿಗೆ ತಿಳಿಯದು" ಅಂತ ಸುಮ್ಮನಾಗುತ್ತೇವೆ. ಅವರಿಗೆ ತಿಳಿಯದು ನಿಜ. ಪೆಟ್ಟು ಬಿದ್ದದ್ದೂ ನಿಜ ಅಲ್ವಾ.

ಬರೆಯಲು ಶುರು ಮಾಡಿದ ಮೇಲೆ ನಮಗೆ ಒಂದು ವಿಷಯ ಕಂಡಿತು. ಒಬ್ಬ ಅಜ್ಜ ಹೊಡೆಯುತ್ತಿದ್ದದ್ದೆಲ್ಲ ಸ್ನಾನದ ಹೊತ್ತಿಗೆ, ಅದೂ ತಲೆಗೆ ನೀರು ಬಿದ್ದಾಗ. ಹಿಂದಿನಿಂದ ನೀರು ಹಾಕುತ್ತಿದ್ದೆವು, ಅವರಿಗೆ ಕಾಣುತ್ತಿರಲಿಲ್ಲ. ಈಗ ಒಬ್ಬರು ಎದುರಿಗೆ ಕೂತು ಮಾತಾಡುತ್ತಾರೆ. ಮೊದಲು ನೀರನ್ನು ಅವರ ಕೈಗೆ ಹಾಕುತ್ತೇವೆ, ಆಮೇಲೆ ಕಾಲಿಗೆ. ತಲೆಯನ್ನು ಬೇರೆ ದಿನ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಹೊಡೆಯುವುದು ತೀರಾ ಕಡಿಮೆಯಾಗಿದೆ. ಅಜ್ಜ ಬೇರೆಯವರಾಗಲಿಲ್ಲ. ನಾವು ಹೆದರಿಸುವುದನ್ನು ನಿಲ್ಲಿಸಿದೆವು.

ಸೂಜಿಯ ವಿಷಯವೂ ಇದೆ. ಇನ್ಸುಲಿನ್ ಕೊಟ್ಟ ಮೇಲೆ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವವರು ಎಷ್ಟು ಜನ! ಮುಚ್ಚಳ ಹಾಕಲೇಬಾರದು, ನೇರ ಗಟ್ಟಿ ಡಬ್ಬಕ್ಕೆ ಹಾಕಬೇಕು. ಆ ಡಬ್ಬ ಕೋಣೆಯಲ್ಲೇ ಇರಬೇಕು, ನರ್ಸ್ ಮೇಜಿನ ಹತ್ತಿರ ಅಲ್ಲ.

ನಿಧಾನ ನಡಿಗೆ:

ಸೂಜಿ ಚುಚ್ಚಿದರೆ ಏನು ಮಾಡಬೇಕು ಅನ್ನುವುದನ್ನೂ ಸೇರಿಸುತ್ತೇನೆ, ಯಾರಾದರೂ ಹುಡುಕಿಕೊಂಡು ಬಂದರೆ ಉಪಯೋಗವಾದೀತು. ಹಿಂಡಬೇಡಿ. ಸೋಪು, ನೀರಿನಲ್ಲಿ ತೊಳೆಯಿರಿ. ಆಗಲೇ ಹೇಳಿ, ಆಗಲೇ ವೈದ್ಯರ ಹತ್ತಿರ ಹೋಗಿ. ಎಚ್‌ಐವಿ ಬಾರದಂತೆ ಕೊಡುವ ಔಷಧಿಯನ್ನು 72 ಗಂಟೆಯ ಒಳಗೆ ಶುರು ಮಾಡಬೇಕು. ಬೇಗ ಆದಷ್ಟು ಒಳ್ಳೆಯದು. 28 ದಿನ ತೆಗೆದುಕೊಳ್ಳಬೇಕು. ಎಚ್‌ಐವಿ ಇರುವವರ ರಕ್ತದ ಸೂಜಿಯಾದರೂ ಸೋಂಕು ತಗಲುವ ಸಾಧ್ಯತೆ ಸುಮಾರು 0.3 ಶೇಕಡಾ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಹಾಕಿಸಿಕೊಳ್ಳದವರಿಗೆ 6ರಿಂದ 30 ಶೇಕಡಾ. ಲಸಿಕೆ ಇದೆ, ಸಾಮಾನ್ಯವಾಗಿ ಆರು ತಿಂಗಳಲ್ಲಿ ಮೂರು ಡೋಸ್. ಕೆಲಸಕ್ಕೆ ಸೇರಿಸಿಕೊಂಡ ವಾರದಲ್ಲೇ ಮೊದಲನೆಯದು ಹಾಕಿಸಿ. ಗುಂಪಿನ ಕಾರ್ಯಕ್ರಮದಲ್ಲಿ ಇದು ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ.

ಹೊಸ ಮ್ಯಾನೇಜರ್:

ನಮ್ಮಲ್ಲಿ ಒಂದು ಯೋಜನೆ ಇದೆ. ಮೂರು ತಿಂಗಳು ಯಾರಿಗೂ ಪೆಟ್ಟಾಗದಿದ್ದರೆ ಇಡೀ ಪಾಳಿಗೆ ಬಹುಮಾನ. ಗೋಡೆಯ ಮೇಲೆ ದಿನದ ಲೆಕ್ಕ ಬರೆಯುತ್ತೇವೆ. ಈ ವರ್ಷ ಕ್ಲೇಮು ಒಂದೂ ಬಂದಿಲ್ಲ. ನೀವೂ ಮಾಡಿ ನೋಡಬಹುದು.

ಹಗಲು ಪಾಳಿ:

ಸರ್, ಬೇಜಾರು ಮಾಡಿಕೊಳ್ಳಬೇಡಿ. ದಯವಿಟ್ಟು ಅದನ್ನು ನಿಲ್ಲಿಸಿ. ನಾನು ಅಂಥ ಗೋಡೆಯ ಕೆಳಗೆ ಕೆಲಸ ಮಾಡಿದ್ದೇನೆ. 81ನೇ ದಿನ ನನ್ನ ಮಣಿಕಟ್ಟು ಉಳುಕಿತು. ಇನ್ನು ಒಂಬತ್ತು ದಿನ ಕಳೆದರೆ ಎಲ್ಲರಿಗೂ ಬಹುಮಾನ. ನನ್ನ ಜೊತೆಗಿದ್ದವಳ ಮಗಳಿಗೆ ಶಾಲೆಯ ಫೀಸು ಕಟ್ಟಬೇಕಿತ್ತು, ಆ ದುಡ್ಡಿಗೆ ಕಾಯುತ್ತಿದ್ದಳು. ನಾನು ಹೇಗೆ ಹೇಳಲಿ? ಬಟ್ಟೆ ಕಟ್ಟಿಕೊಂಡು ಉದ್ದ ತೋಳಿನ ಅಂಗಿ ಹಾಕಿಕೊಂಡು ಕೆಲಸ ಮಾಡಿದೆ. ಇವತ್ತಿಗೂ ಆ ಕೈಯಲ್ಲಿ ತುಂಬಿದ ಬಕೆಟ್ ಹಿಡಿಯಲು ಆಗುವುದಿಲ್ಲ.

ಬಹುಮಾನ ಕೊಡುವುದಾದರೆ ಹೇಳಿದವರಿಗೆ ಕೊಡಿ. ಬ್ರೇಕ್ ಸವೆದಿದೆ, ನೆಲ ಜಾರುತ್ತಿದೆ, ಇವತ್ತು ಅಜ್ಜ ನಿಲ್ಲುತ್ತಿಲ್ಲ ಅಂತ ಬಂದು ಹೇಳಿದವರಿಗೆ.

ಹೊಸ ಮ್ಯಾನೇಜರ್:

ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಕೈಯ ವಿಷಯ ಓದಿ ಕಷ್ಟವಾಯಿತು. ನಾಳೆ ಪಾಳಿಯವರ ಜೊತೆ ಕೂತು ಮಾತಾಡುತ್ತೇನೆ. ಈ ತ್ರೈಮಾಸಿಕದ ಬಹುಮಾನವನ್ನು ಹೇಗಿದ್ದರೂ ಎಲ್ಲರಿಗೂ ಕೊಟ್ಟುಬಿಟ್ಟು, ಗೋಡೆಯ ಲೆಕ್ಕ ತೆಗೆಯುತ್ತೇನೆ.

ವಿಮೆ ಕಡತ:

ಸರಿಯಾದ ನಿರ್ಧಾರ ಸರ್. ವಿಮೆಯ ಕಡೆಯಿಂದಲೂ ಅದೇ ಸರಿ. ಮುಚ್ಚಿಟ್ಟ ಪೆಟ್ಟು ಅಗ್ಗವಾಗುವುದಿಲ್ಲ. ನಾನು ನೋಡಿದ ಕಡತಗಳಲ್ಲಿ ಮೊದಲ ದಿನವೇ ಹೇಳಿದ ಬೆನ್ನುನೋವು ಬಹಳ ಸಲ ಕೆಲವು ದಿನದ ಔಷಧಿಯಲ್ಲಿ ಮುಗಿದಿದೆ. ಐದನೇ ದಿನ ಬಂದದ್ದು ತಿಂಗಳುಗಟ್ಟಲೆ ಎಳೆದಿದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಬರೀ ಚಿಕಿತ್ಸೆಯ ಖರ್ಚು ಇದ್ದು, ಸಂಬಳ ನಷ್ಟದ ಪರಿಹಾರ ಕೊಡಬೇಕಾಗಿ ಬರದ ಕ್ಲೇಮಿನ 30 ಶೇಕಡಾ ಮಾತ್ರ ಅನುಭವದ ಅಂಕಕ್ಕೆ ಹಿಡಿಯುತ್ತಾರೆ. ಸಣ್ಣ ಪೆಟ್ಟನ್ನೂ ಮುಚ್ಚಿಡದೆ ತಿಳಿಸಲಿ ಅಂತಲೇ ಆ ಲೆಕ್ಕ. ಬೇಗ ಹೇಳಿದವರಿಗೆ ಬೇಗ ಚಿಕಿತ್ಸೆ ಸಿಗುತ್ತದೆ, ಹಗುರ ಕೆಲಸದ ಮೂಲಕ ಕೆಲಸದ ಜೊತೆ ನಂಟೂ ಉಳಿಯುತ್ತದೆ.

ಹಗುರ ಕೆಲಸ ಅಂದೆ. ಅದರ ಪಟ್ಟಿ ಮೊದಲೇ ಮಾಡಿಟ್ಟುಕೊಳ್ಳಿ ಮೇಡಂ. ಪೆಟ್ಟಾದ ಮೇಲೆ ಯೋಚಿಸಿದರೆ ತೋಚುವುದಿಲ್ಲ. ಊಟದ ಹೊತ್ತಿಗೆ ಜೊತೆಗೆ ಕೂರುವುದು, ನೀರು ಕುಡಿದ ಲೆಕ್ಕ ಬರೆಯುವುದು, ಮನೆಯವರಿಗೆ ಫೋನ್ ಮಾಡಿಸುವುದು, ಕೈಗವಸು ಮತ್ತು ಪ್ಯಾಡ್‌ಗಳ ದಾಸ್ತಾನು ನೋಡುವುದು, ಹೊಸಬರಿಗೆ ಕಲಿಸುವುದು. ಬೇಕಾದಷ್ಟಿದೆ. ವೈದ್ಯರಿಗೆ ಆ ಪಟ್ಟಿ ಕಳಿಸಿ, ಯಾವುದು ಮಾಡಬಹುದು ಅಂತ ಅವರೇ ಗುರುತು ಹಾಕಲಿ. ಆದರೆ ಅದು ಶಿಕ್ಷೆಯಂತೆ ಆಗಬಾರದು. ಮೂಲೆಯಲ್ಲಿ ಕೂರಿಸಿ ಕಾಗದ ಎಣಿಸಲು ಹೇಳಿದರೆ ಯಾರೂ ಮತ್ತೆ ಬಂದು ಹೇಳುವುದಿಲ್ಲ.

"ಯಾಕೆ ಒಬ್ಬಳೇ ಎತ್ತಿದೆ" ಅಂತ ಕೇಳುವುದರ ಬಗ್ಗೆಯೂ ಹೇಳಬೇಕು. ಈ ವಿಮೆಯ ಬುಡವೇ ಬೇರೆ. 1884ರಲ್ಲಿ ಜರ್ಮನಿಯಲ್ಲಿ, 1897ರಲ್ಲಿ ಬ್ರಿಟನ್ನಿನಲ್ಲಿ ಇಂಥ ಕಾನೂನು ಬಂದಾಗಿನಿಂದ ಮೂಲ ಮಾತು ಒಂದೇ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಸಿಗಬೇಕು, ಮಾಲೀಕರ ತಪ್ಪು ಅಂತ ಕಾರ್ಮಿಕರು ಸಾಬೀತು ಮಾಡಬೇಕಾಗಿಲ್ಲ. ಹಾಗಾಗಿ ಪೆಟ್ಟಾದವರ ಹತ್ತಿರ ಮೊದಲು ಕೇಳಬೇಕಾದದ್ದು ತಪ್ಪಿನ ಬಗ್ಗೆ ಅಲ್ಲ. "ಎಲ್ಲಿ ನೋವಾಗುತ್ತಿದೆ? ಡಾಕ್ಟರ ಹತ್ತಿರ ಯಾರು ಕರೆದುಕೊಂಡು ಹೋಗಬೇಕು?" ಇಷ್ಟೇ. ಯಾಕಾಯಿತು ಅನ್ನುವುದನ್ನು ನಾಳೆ ನೋಡಬಹುದು, ಅವರನ್ನೂ ಜೊತೆಗೆ ಕೂರಿಸಿಕೊಂಡು.

ಮಲ್ಲಿಗೆ ಬಳ್ಳಿ:

ಬರೆದುಕೊಂಡೆ. ಈಗ ಆ ಗುಂಪಿನ ಪತ್ರ. ಅದರಲ್ಲಿ "ಸದಸ್ಯರೇ ಮಾಲೀಕರು, ಲಾಭ ಸದಸ್ಯರಿಗೇ ವಾಪಸ್" ಅಂತ ಇದೆ. ಅದು ಒಳ್ಳೆಯದೇ ಅಲ್ವಾ?

ವಿಮೆ ಕಡತ:

ನಿಲ್ಲಿ ಮೇಡಂ. ಆ ಒಂದು ಸಾಲಿಗಾಗಿ ಇಡೀ ಪತ್ರ ಮತ್ತೆ ಓದಬೇಕು. ಗುಂಪು ಅಂದರೆ ಒಂದೇ ತರಹ ಇರುವುದಿಲ್ಲ.

ಒಂದು ತರಹದಲ್ಲಿ ಅಪಾಯ ಹೊರುವುದು ವಿಮಾ ಕಂಪನಿ. ನೀವೆಲ್ಲ ಒಟ್ಟಾಗಿ ಕೊಳ್ಳುವುದರಿಂದ ರಿಯಾಯಿತಿ ಸಿಗುತ್ತದೆ, ವರ್ಷ ಚೆನ್ನಾಗಿ ಹೋದರೆ ಸ್ವಲ್ಪ ವಾಪಸ್ ಬರಲೂಬಹುದು. ಕೆಟ್ಟ ವರ್ಷ ಬಂದರೆ ಆ ವರ್ಷದ ನಷ್ಟ ಕಂಪನಿಗೆ. ನಿಮಗೆ ಆಗುವುದು ಮುಂದಿನ ವರ್ಷದ ದರ ಏರುವುದು.

ಇನ್ನೊಂದು ತರಹದಲ್ಲಿ ಗುಂಪೇ ವಿಮೆ. ಎಲ್ಲರ ಹಣ ಒಂದು ನಿಧಿಗೆ ಹೋಗುತ್ತದೆ, ಕ್ಲೇಮು ಅಲ್ಲಿಂದಲೇ ಕೊಡುತ್ತಾರೆ. ಉಳಿದರೆ ನಿಮಗೆ. ಸಾಲದಿದ್ದರೂ ನಿಮ್ಮಿಂದಲೇ. ಹಲವು ಕಡೆ ಇಂಥ ಗುಂಪಿನಲ್ಲಿ ಪ್ರತಿಯೊಬ್ಬ ಸದಸ್ಯರೂ ಇಡೀ ಸಾಲಕ್ಕೆ ಹೊಣೆ. ಎಲ್ಲರ ಸಾಲಕ್ಕೂ ಜಾಮೀನು ಹಾಕಿದ ಹಾಗೆ. ಪಕ್ಕದವರು ಬಾಗಿಲು ಹಾಕಿಕೊಂಡು ಹೋದರೆ ಅವರ ಪಾಲೂ ನಿಮ್ಮ ಮೇಲೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2000ರ ದಶಕದ ಕೊನೆಯಲ್ಲಿ ಇಂಥ ಹಲವು ನಿಧಿಗಳು ಮುಳುಗಿದವು. ಆರೋಗ್ಯ ಕ್ಷೇತ್ರದವರ ನಿಧಿಯೂ ಅದರಲ್ಲಿತ್ತು. ಪ್ರೀಮಿಯಂ ಕಡಿಮೆ ಇಟ್ಟು ಸದಸ್ಯರನ್ನು ಸೆಳೆದರು, ಮುಂದೆ ಬರುವ ಕ್ಲೇಮುಗಳಿಗೆ ಬೇಕಾದಷ್ಟು ಹಣ ಇಡಲಿಲ್ಲ. ಸದಸ್ಯರಿಗೆ ವರ್ಷಗಳ ನಂತರ, ಎಷ್ಟೋ ಜನಕ್ಕೆ ಗುಂಪು ಬಿಟ್ಟ ಮೇಲೂ, ಬಾಕಿ ಕಟ್ಟಿ ಅಂತ ಬಿಲ್ ಬಂತು.

ಬೆನ್ನಿನ ಕ್ಲೇಮು ಬೇಗ ಮುಗಿಯುವುದಿಲ್ಲ. ಈ ವರ್ಷದ ಪೆಟ್ಟಿಗೆ ಹತ್ತು ವರ್ಷ ಕೊಡಬೇಕಾಗಬಹುದು. ಆದ್ದರಿಂದ ಈ ವರ್ಷ ಎಷ್ಟು ಉಳಿಯಿತು ಅನ್ನುವುದಕ್ಕಿಂತ, ಹಳೆಯ ಕ್ಲೇಮುಗಳಿಗೆ ಎಷ್ಟು ತೆಗೆದಿಟ್ಟಿದ್ದಾರೆ ಅನ್ನುವುದು ಮುಖ್ಯ. ಮುಂದೆ ಕೊಡಬೇಕಾದ ಕ್ಲೇಮುಗಳಿಗೆ ಎಷ್ಟು ಹಣ ಬೇಕು ಅಂತ ಲೆಕ್ಕ ಹಾಕುವ ಆಕ್ಚುವರಿಯ ವರದಿ ಕೇಳಿ. ಆಡಿಟ್ ವರದಿ ಕೇಳಿ. ಒಂದು ಮಿತಿ ದಾಟಿದ ಕ್ಲೇಮಿಗೆ ಮೇಲಿನ ವಿಮೆ ಮಾಡಿಸಿದ್ದಾರಾ, ಆ ಮಿತಿ ಎಷ್ಟು ಅಂತ ಕೇಳಿ. ಗುಂಪು ಬಿಟ್ಟ ಮೇಲೆ ನನ್ನ ಹೊಣೆ ಯಾವಾಗ ಮುಗಿಯುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಕೊಡಲು ಹಿಂದೆ ಮುಂದೆ ನೋಡಿದರೆ ಸೇರಬೇಡಿ.

ಎರಡನೇ ಮನೆ:

ಒಂದು ಸೇರಿಸುತ್ತೇನೆ. ಗುಂಪಿನವರು ನಿಮ್ಮನ್ನು ಎಷ್ಟು ಪ್ರಶ್ನೆ ಕೇಳುತ್ತಾರೆ ಅಂತ ನೋಡಿ. ನಮ್ಮ ಗುಂಪು ನನ್ನನ್ನು ಸೇರಿಸಿಕೊಳ್ಳಲು ಎರಡು ತಿಂಗಳು ತೆಗೆದುಕೊಂಡಿತು. ಹಿಂದಿನ ಕ್ಲೇಮುಗಳ ಪಟ್ಟಿ ಕೇಳಿದರು, ಪಾಳಿಯ ಪಟ್ಟಿ ಕೇಳಿದರು, ಲಿಫ್ಟ್ ಎಷ್ಟಿದೆ ಅಂತ ಕೇಳಿದರು. ಆಗ ಕಿರಿಕಿರಿಯಾಗಿತ್ತು. ಈಗ ಅದೇ ನನಗೆ ಧೈರ್ಯ. ನನ್ನನ್ನು ಅಷ್ಟು ನೋಡಿದ್ದಾರೆ ಅಂದರೆ ನನ್ನ ಪಕ್ಕದವರನ್ನೂ ಅಷ್ಟೇ ನೋಡಿರುತ್ತಾರೆ. ಪತ್ರ ಕಳಿಸಿ, ಸಹಿ ಹಾಕಿ ಅಂದರೆ ಎಲ್ಲರನ್ನೂ ಹಾಗೆಯೇ ಸೇರಿಸಿಕೊಂಡಿದ್ದಾರೆ ಅಂತಾಯಿತು.

ಹಾಂ, ಏಜೆನ್ಸಿಯಿಂದ ಬರುವ ಬದಲಿ ಸಿಬ್ಬಂದಿಗೆ ವಿಮೆ ಯಾರದ್ದು ಅಂತ ಮೊದಲೇ ಕಾಗದದಲ್ಲಿ ತೆಗೆದುಕೊಳ್ಳಿ. ಏಜೆನ್ಸಿ ಪಾಲಿಸಿ ಮಾಡಿಸಿಲ್ಲ ಅಂದರೆ ವರ್ಷದ ಕೊನೆಯ ಆಡಿಟ್‌ನಲ್ಲಿ ಅವರ ಸಂಬಳವನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸುತ್ತಾರೆ. ನನಗೆ ಒಂದು ವರ್ಷ ಹಾಗೆ ಆಯಿತು, ದೊಡ್ಡ ಮೊತ್ತ ಕಟ್ಟಬೇಕಾಯಿತು.

ಮಲ್ಲಿಗೆ ಬಳ್ಳಿ:

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದ.

ಆ ಗುಂಪಿನವರಿಗೆ ನೀವು ಹೇಳಿದ ಪ್ರಶ್ನೆಗಳನ್ನೆಲ್ಲ ಕಳಿಸಿದೆ. ಅದು ಎರಡನೇ ತರಹದ್ದು, ಗುಂಪೇ ವಿಮೆ. ಆಡಿಟ್ ವರದಿ ಕಳಿಸಿದರು. ಆಕ್ಚುವರಿ ವರದಿ ಸದಸ್ಯರಾದ ಮೇಲೆ ಕೊಡುತ್ತೇವೆ ಅಂದರು. ಬಿಟ್ಟ ಮೇಲಿನ ಹೊಣೆ ಬಗ್ಗೆ ಉತ್ತರವೇ ಇಲ್ಲ. ಈ ವರ್ಷ ಸೇರುವುದಿಲ್ಲ ಅಂತ ತಿಳಿಸಿದೆ. ಹಳೆಯ ಕಂಪನಿಯಲ್ಲೇ ರಿನ್ಯೂ ಮಾಡಿಸಿದೆವು. ಕಂಪನಿಯೇ ಅಪಾಯ ಹೊರುವ ಗುಂಪು ಸಿಕ್ಕಿದರೆ ಮುಂದಿನ ವರ್ಷ ನೋಡುತ್ತೇನೆ.

ಆದರೆ ಅದಕ್ಕಾಗಿ ಕಾಯಲಿಲ್ಲ. ಬೆಳಗ್ಗೆ ಐದೂವರೆಗೆ ಹೋಗಿ ನಾನೇ ನಿಂತು ನೋಡಿದೆ. ಐದೂವರೆಯಿಂದ ಏಳೂಕಾಲರ ಒಳಗೆ ಒಬ್ಬಳು ಒಂಬತ್ತು ಜನರನ್ನು ಏಳಿಸಿದಳು. ಹಗಲು ಪಾಳಿಯ ಒಬ್ಬರನ್ನು ಎಂಟರ ಬದಲು ಆರಕ್ಕೆ ಬರುವಂತೆ ಮಾಡಿ, ಮಧ್ಯಾಹ್ನ ಎರಡು ಗಂಟೆ ಬೇಗ ಬಿಡುತ್ತಿದ್ದೇವೆ. ಲಿಫ್ಟ್ ಈಗ ನಡುಮನೆಯ ಪಕ್ಕ, ಚಾರ್ಜರ್ ಜೊತೆಗೇ ಇದೆ. ರಾತ್ರಿ ಪಾಳಿಯವರು ಮಲಗಿಸುವ ಕೆಲಸ ಮುಗಿದ ಮೇಲೆ ಪ್ಲಗ್ ಹಾಕಿ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಎಲ್ಲ ಹಾಸಿಗೆಗೂ ಬ್ರೇಕ್ ಹಾಕಿ ತಳ್ಳಿ ನೋಡಿದೆವು. ನಮ್ಮಲ್ಲೂ ಎರಡು ಸರಿದವು.

ಆ ಹುಡುಗಿ ಮತ್ತೆ ಕೆಲಸಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಇಷ್ಟು ದಿನ ನಾನು ಅವಳ ಹತ್ತಿರ ಆ ಬೆಳಗಿನ ಬಗ್ಗೆ ಸರಿಯಾಗಿ ಕೇಳಿಯೇ ಇರಲಿಲ್ಲ. ಮೊನ್ನೆ ಕೂತು ಕೇಳಿದೆ. "ಅಜ್ಜಿ ಹಿಂದಿನ ರಾತ್ರಿಯೇ ಕಾಲು ನಡುಗುತ್ತಿದೆ ಅಂದಿದ್ದರು ಮೇಡಂ. ರಾತ್ರಿಯವರು ನನಗೆ ಹೇಳಲಿಲ್ಲ, ಹೇಳುವ ಪದ್ಧತಿಯೇ ಇರಲಿಲ್ಲ" ಅಂದಳು. ಈಗ ಪಾಳಿ ಬದಲಾಗುವಾಗ ಐದು ನಿಮಿಷ ಎಲ್ಲರೂ ನಿಲ್ಲುತ್ತಾರೆ. ಇವತ್ತು ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಅಂತ ಹೆಸರು ಹಿಡಿದು ಹೇಳುತ್ತಾರೆ. ಅದನ್ನು ನಡೆಸುವುದು ಅವಳೇ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಹೊಸ ಸ್ಲಿಂಗ್ ತರಿಸಬೇಕು. ಎಲ್ಲರಿಗೂ ಒಂದೇ ಅಳತೆ ನಡೆಯುತ್ತದಾ?

ನಿಧಾನ ನಡಿಗೆ:

ನಡೆಯುವುದಿಲ್ಲ. ದೊಡ್ಡದಾದರೆ ಸಣ್ಣ ಮೈಯವರು ನಡುವಿನಿಂದ ಜಾರುತ್ತಾರೆ, ಚಿಕ್ಕದಾದರೆ ತೊಡೆಗೆ ಒತ್ತುತ್ತದೆ. 14 ಜನರಲ್ಲಿ ಲಿಫ್ಟ್ ಬೇಕಾದವರು ಯಾರು ಅಂತ ಮೊದಲು ಪಟ್ಟಿ ಮಾಡಿ. ಅವರ ತೂಕ ಮತ್ತು ಬೆನ್ನಿನ ಉದ್ದ, ಬಾಲದ ಮೂಳೆಯಿಂದ ಭುಜದ ಮೇಲಿನವರೆಗೆ, ಅಳೆದು ಕಳಿಸಿ. ಸ್ಲಿಂಗ್ ನಿಮ್ಮ ಲಿಫ್ಟ್ ಕಂಪನಿಯದ್ದೇ ಇರಲಿ, ಇಲ್ಲವೇ ಅದಕ್ಕೆ ಹೊಂದುತ್ತದೆ ಅಂತ ಅವರೇ ಬರೆದು ಕೊಟ್ಟಿರಲಿ. ಪ್ರತಿ ಅಳತೆಯಲ್ಲೂ ಎರಡೆರಡು ತರಿಸಿ, ಒಂದು ಒಗೆಯಲು ಹೋದಾಗ ಇನ್ನೊಂದು ಕೊಕ್ಕೆಯಲ್ಲಿ ಇರಬೇಕು. ಪ್ರತಿ ಸಲ ಹಾಕುವ ಮೊದಲು ಹೊಲಿಗೆ ಮತ್ತು ಕುಣಿಕೆಗಳನ್ನು ಕೈಯಲ್ಲಿ ಎಳೆದು ನೋಡಿ. ದಾರ ಬಿಟ್ಟಿದ್ದರೆ ಹೊಲಿಸಬೇಡಿ, ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಯಾರಾದರೂ ಮತ್ತೆ ಬಳಸುತ್ತಾರೆ.

ಹಗಲು ಪಾಳಿ:

ಅಳತೆಗೊಂದು ಬಣ್ಣದ ಪಟ್ಟಿ ಹೊಲಿದೇ ಬರುತ್ತದೆ ಮೇಡಂ. ಅದೇ ಬಣ್ಣದ ಚುಕ್ಕೆಯನ್ನು ಅವರವರ ಹಾಸಿಗೆಯ ತಲೆಯ ಹತ್ತಿರ ಅಂಟಿಸಿ. ಬೆಳಗ್ಗೆ ಆರು ಗಂಟೆಗೆ ಪಟ್ಟಿ ಓದುತ್ತಾ ಕೂರಲು ಆಗುವುದಿಲ್ಲ, ಬಣ್ಣ ಕಣ್ಣಿಗೆ ಬೀಳುತ್ತದೆ.